ಅರವತ್ತರಾಚೆಯ ಇಂಗ್ಲಿಷ್ ಮಾಸ್ತರರು

ತಡಸವು ಶಿಗ್ಗಾಂವಿ ತಾಲೂಕಿನ ಒಂದು ಊರು. ಹುಬ್ಬಳ್ಳಿಯಿಂದ ಹಾವೇರಿಗೆ ಸಾಗುವ ಹೆದ್ದಾರಿಯಿಂದ ಇಲ್ಲಿ ಒಂದು ದಾರಿ ಕವಲೊಡೆದು ಮುಂಡಗೋಡದತ್ತ ತಿರುಗುತ್ತದೆ. ಇಂಥ ಊರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯ ಹೊಸ್ತಿಲಲ್ಲಿ ನಿಂತ ಮಾಸ್ತರರೊಬ್ಬರು, ಮೈಯಲ್ಲಿ ಇನ್ನೂ ಕಸುವಿರುವಾಗ ಪರದೇಶದಲ್ಲಿ ಇದೇ ಕೆಲಸ ದೊರೆತೀತೆ ಎಂದು ಕೇಳಿದರೆ, ಅದನ್ನು ಮುಪ್ಪಿನ ಚಪಲವೆಂದು ತಳ್ಳಿಹಾಕುವಂತಿಲ್ಲ. ಆ ಪ್ರಶ್ನೆಯ ಹಿಂದೆ ಒಂದು ಲೆಕ್ಕವಿದೆ.

ಕರ್ನಾಟಕದಲ್ಲಿ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸು 2008ರಲ್ಲಿ 58ರಿಂದ 60ಕ್ಕೇರಿತು. ಆದರೆ 2006ರ ಏಪ್ರಿಲ್ 1ರಿಂದ ಈಚೆಗೆ ಸೇವೆಗೆ ಸೇರಿದವರನ್ನು ಹೊಸ ನಿವೃತ್ತಿವೇತನ ಯೋಜನೆಗೆ ಒಳಪಡಿಸಲಾಯಿತು. ಅದರಂತೆ ಕೊನೆಗೆ ಕೈಗೆ ಬರುವುದು ಸಂಬಳದಿಂದ ಕಡಿತವಾದ ಹಣ, ಸರ್ಕಾರ ಕೂಡಿಸಿದ ಹಣ, ಅವೆರಡಕ್ಕೂ ಪೇಟೆಯಲ್ಲಿ ದೊರೆತ ಬೆಳವಣಿಗೆ, ಇವುಗಳ ಫಲ. ಮೂವತ್ತೈದು ದಾಟಿದ ಮೇಲೆ ನೌಕರಿ ಕಂಡವರ ಗಂಟು ಬೆಳೆಯುವುದಕ್ಕೆ ಇಪ್ಪತ್ತು ಇಪ್ಪತ್ತೈದು ವರ್ಷಗಳಷ್ಟೇ ಅವಕಾಶ. ಮಕ್ಕಳ ಮದುವೆ, ಮನೆಯ ಸಾಲ, ಔಷಧಿಯ ಖರ್ಚು ಈ ಲೆಕ್ಕವನ್ನು ಕಾಯುವುದಿಲ್ಲ.

ಭಾರತದ ಉಪಾಧ್ಯಾಯರು ಕಡಲು ದಾಟಿದ್ದು ಹೊಸ ಸಂಗತಿಯಲ್ಲ. 1941ರಲ್ಲಿ ಇಟಲಿಯ ಹಿಡಿತದಿಂದ ಬಿಡುಗಡೆ ಹೊಂದಿದ ಇಥಿಯೋಪಿಯ ತನ್ನ ಶಾಲೆಗಳನ್ನು ಹೊಸದಾಗಿ ಕಟ್ಟತೊಡಗಿದಾಗ ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರ ಭಾರತದಿಂದ ಉಪಾಧ್ಯಾಯರನ್ನು ಕರೆಸಿಕೊಂಡಿತು. 1950 ಮತ್ತು 60ರ ದಶಕಗಳಲ್ಲಿ ಆ ದೇಶದ ದೂರದ ಪಟ್ಟಣಗಳಲ್ಲಿ ಕೂಡ ಭಾರತೀಯ ಮಾಸ್ತರರಿದ್ದರು. ಕೇರಳದವರು ಅವರಲ್ಲಿ ಬಹುಮಂದಿ. ಅಲ್ಲಿನ ಪ್ರೌಢಶಾಲೆಗಳ ಬೋಧನಭಾಷೆ ಇಂಗ್ಲಿಷ್. ಹಿಮಾಲಯದ ಭೂತಾನವೂ ತನ್ನ ಶಾಲೆಗಳಲ್ಲಿ ಇಂಗ್ಲಿಷನ್ನು ನೆಲೆಗೊಳಿಸಿದ್ದು ಬಹುಮಟ್ಟಿಗೆ ಭಾರತೀಯರ ನೆರವಿನಿಂದಲೇ. ಈ ದೇಶಗಳಿಗೆ ಬೇಕಾಗಿದ್ದುದು ಕಲಿಸಬಲ್ಲ ಮನುಷ್ಯ. ಅವನ ತಾಯಿನುಡಿ ಯಾವುದೆಂಬುದು ಅಡ್ಡ ಬರಲಿಲ್ಲ.

ಇದೇ ಕಾಲದಲ್ಲಿ, ಇದೇ ಆಫ್ರಿಕ ಖಂಡದಲ್ಲಿ, ಇದಕ್ಕೆ ವಿರುದ್ಧವಾದ ಒಂದು ನಂಬಿಕೆ ಗಟ್ಟಿಗೊಂಡಿತು. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವುದನ್ನು ಕುರಿತು ಕಾಮನ್‌ವೆಲ್ತ್ ಸಮ್ಮೇಳನ ನಡೆಯಿತು. ಇಂಗ್ಲಿಷ್ ತಾಯಿನುಡಿಯವನೇ ಆ ಭಾಷೆಯ ಆದರ್ಶ ಶಿಕ್ಷಕನೆಂಬ ತತ್ತ್ವ ಅಲ್ಲಿಂದ ಬಲಗೊಂಡಿತೆಂದು ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಗ್ರಂಥದಲ್ಲಿ ತೋರಿಸಿ, ಅದು ಬರಿಯ ಭ್ರಮೆಯೆಂದು ವಾದಿಸಿದರು. ಪಂಡಿತರು ಖಂಡಿಸಿದರೂ ಆ ತತ್ತ್ವ ಕಾಯಿದೆಗಳಲ್ಲಿ ಉಳಿದುಕೊಂಡಿತು. ದಕ್ಷಿಣ ಕೊರಿಯ ಇಂಗ್ಲಿಷ್ ಶಿಕ್ಷಕರಿಗೆ ಕೊಡುವ ವೀಸಾ ಬಹುಕಾಲದಿಂದ ಬ್ರಿಟನ್, ಅಮೆರಿಕ, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ಏಳು ದೇಶಗಳವರಿಗೆ ಮೀಸಲಾಗಿ ಬಂದಿದೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಆರ್ಥಿಕ ಒಪ್ಪಂದ ಭಾರತೀಯರು ಸಹಾಯಕ ಶಿಕ್ಷಕರಾಗಲು ಒಂದು ಕಿಂಡಿ ತೆರೆಯಿತಾದರೂ ಕಿಂಡಿ ಬಾಗಿಲಾಗಲಿಲ್ಲ. ಚೀನದಲ್ಲಿ ಭಾಷಾಶಿಕ್ಷಕನು ಆ ಭಾಷೆ ತಾಯಿನುಡಿಯಾಗಿರುವ ದೇಶದವನಾಗಿರಬೇಕು. ಅದರ ಮೇಲೆ ವಯಸ್ಸು ಸಾಮಾನ್ಯವಾಗಿ 60ನ್ನು ಮೀರಿರಬಾರದು. ತಡಸದ ಮಾಸ್ತರರಿಗೆ ಹೀಗೆ ಹುಟ್ಟು ಒಂದು ಗೋಡೆ, ವಯಸ್ಸು ಇನ್ನೊಂದು ಗೋಡೆ.

ಮೊದಲನೆಯ ಗೋಡೆಯನ್ನು ಪರೀಕ್ಷಿಸೋಣ. ಕೊರಿಯನ್, ಜಪಾನಿ ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಿಭಕ್ತಿಯ ಅರ್ಥ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ 'ಎ', 'ದಿ'ಗಳಿಗೆ ಸಮನಾದ ಪದಗಳಿಲ್ಲ. ನಮ್ಮ ಕನ್ನಡದ ರೀತಿಯೂ ಇದೇ ಅಲ್ಲವೆ? ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದವನ್ನು ನಡುವಿಗೆ ತರುವಾಗ, 'ಮನೆಯಲ್ಲಿ' ಎಂಬಲ್ಲಿಯ 'ಅಲ್ಲಿ'ಯನ್ನು ಕಿತ್ತು ಮುಂದೆ ಇಡುವಾಗ, 'ದಿ' ಎಲ್ಲಿ ಬೇಕು ಎಲ್ಲಿ ಬೇಡವೆಂದು ತಡವರಿಸುವಾಗ ಸಿಯೋಲ್‌ನ ಹುಡುಗ ಎಡವುವ ಕಲ್ಲೇ ಶಿಗ್ಗಾಂವಿಯ ಹುಡುಗ ಎಡವುವ ಕಲ್ಲು. ಆ ದಾರಿಯನ್ನು ತಾನೇ ನಡೆದು, ಮೂವತ್ತು ವರ್ಷ ಮಕ್ಕಳನ್ನು ನಡೆಸಿದ ಕನ್ನಡದ ಮಾಸ್ತರನಿಗೆ ಕಲ್ಲುಗಳ ಗುರುತಿದೆ. ಹುಟ್ಟಿನಿಂದಲೇ ಆಚೆಯ ದಡದಲ್ಲಿರುವ ಲಂಡನ್ನಿನ ತರುಣನಿಗೆ ಉಚ್ಚಾರದ ಸೊಗಸಿರಬಹುದು. ಹೊಳೆಯ ಆಳ ಅವನಿಗೆ ತಿಳಿಯದು. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1960ರ ದಶಕದಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯನ್ನೇ ಮುನ್ನಡೆಸಿದವರು. ಇಂಗ್ಲಿಷನ್ನು ಕಲಿತು ಪಡೆದವನು ಅದನ್ನು ಕಲಿಸಲು ಅರ್ಹನಲ್ಲವೆಂಬ ಮಾತಿಗೆ ಈ ಸೀಮೆಯಿಂದಲೇ ಉತ್ತರ ದೊರೆಯುತ್ತದೆ.

ವಯಸ್ಸಿನ ಗೋಡೆ ಇಷ್ಟು ಸುಲಭವಾಗಿ ಕುಸಿಯುವುದಿಲ್ಲ. ಪರದೇಶದ ಮುದುಕನ ಆರೋಗ್ಯದ ಹೊರೆಯನ್ನು ಹೊರಲಾರೆವೆಂದು ಒಂದು ರಾಷ್ಟ್ರ ಹೇಳಿದರೆ ಅದರಲ್ಲಿ ತಿರುಳಿಲ್ಲವೆನ್ನಲಾಗದು. ಆದ್ದರಿಂದ ಹೋಗುವ ಮನಸ್ಸಿದ್ದವರು ಅರವತ್ತು ತುಂಬುವ ಮುನ್ನವೇ ಯೋಚಿಸುವುದು ಮೇಲು. ಭಾರತೀಯ ಶಿಕ್ಷಕರನ್ನು ಕರೆಸಿಕೊಳ್ಳುವ ರೂಢಿಯುಳ್ಳ ಮಾಲ್ಡೀವ್ಸ್, ಭೂತಾನದಂಥ ನಾಡುಗಳತ್ತ ನೋಡುವುದು ಕೊರಿಯದ ಬಾಗಿಲು ತಟ್ಟುವುದಕ್ಕಿಂತ ವಿವೇಕದ ದಾರಿ. ದಳ್ಳಾಳಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1983ರ ವಲಸೆ ಕಾಯಿದೆಯ ಮೇರೆಗೆ ನೋಂದಣಿ ಪಡೆದ ದಳ್ಳಾಳಿಯಷ್ಟೇ ಪರದೇಶಕ್ಕೆ ನೌಕರರನ್ನು ಕಳಿಸಬಹುದು. ಆ ಕಾಯಿದೆಯ ನಿಯಮಗಳಂತೆ ಅವನ ಸೇವಾಶುಲ್ಕಕ್ಕೆ ತೆರಿಗೆಯ ಹೊರತು 30,000 ರೂಪಾಯಿಗಳ ಮಿತಿಯಿದೆ. ನಿವೃತ್ತಿಯ ಗಂಟನ್ನು ಬಿಚ್ಚಿ ಲಕ್ಷಗಟ್ಟಲೆ ಕೊಡಿರೆನ್ನುವವನ ಅಂಗಳ ತುಳಿಯಬಾರದು.

ಕೊನೆಗೆ ನಮ್ಮ ಮನೆಯ ಮಾತು. 2007ರಿಂದ ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಇಂಗ್ಲಿಷನ್ನೇ ವಿಶೇಷವಾಗಿ ಓದದ ಶಿಕ್ಷಕರು ಎಷ್ಟೋ ಹಳ್ಳಿಗಳಲ್ಲಿ ಉಳಿದ ವಿಷಯಗಳ ಜೊತೆಗೆ ಇದನ್ನೂ ಹೊತ್ತಿದ್ದಾರೆ. ಅವರ ಪಕ್ಕದಲ್ಲಿ ಕುಳಿತು ದಾರಿ ತೋರಬಲ್ಲ ಅನುಭವಿಯನ್ನು ನಾವು ಅರವತ್ತಕ್ಕೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಬಿಡುತ್ತೇವೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಬಾಳಿಗೆ ಸಾಕಾಗುವ ಗೌರವಧನವಿತ್ತು ಇಂಥವರನ್ನು ತಾಲೂಕಿಗೆ ಹತ್ತು ಮಂದಿಯಂತೆ ಉಳಿಸಿಕೊಂಡರೆ ಶಾಲೆಗೂ ಲಾಭ, ಅವರಿಗೂ ನೆಮ್ಮದಿ. ಹೊರನಾಡು ನಮ್ಮ ಮಾಸ್ತರನ ಹುಟ್ಟನ್ನೂ ವಯಸ್ಸನ್ನೂ ಎಣಿಸುತ್ತದೆಂದು ದೂರುವ ನಾವು ಅವನ ವಿದ್ಯೆಯನ್ನಾದರೂ ಎಣಿಸಿದ್ದೇವೆಯೆ? ಆ ಎಣಿಕೆ ಇಲ್ಲಿ ಮೊದಲಾಗದ ಹೊರತು ಅಲ್ಲಿ ಕೇಳುವ ಅಧಿಕಾರ ನಮಗೆ ಬಾರದು.