ಅಧಿಕಾರಿಯ ಕಾಲೂ ಕಚೇರಿಯ ಮೆಟ್ಟಿಲೂ

ಜಿಲ್ಲೆಯೊಂದರ ಆಡಳಿತವನ್ನು ವಹಿಸಿಕೊಳ್ಳುವವರಿಗೆ ಬುದ್ಧಿ, ಶ್ರದ್ಧೆ, ನ್ಯಾಯಪ್ರಜ್ಞೆಗಳಿದ್ದರೆ ಸಾಲದು, ಅವರ ಅಂಗಾಂಗಗಳೂ ಊನವಿಲ್ಲದವಾಗಿರತಕ್ಕದ್ದು ಎಂಬ ವಾದವೊಂದು 2024ರ ಜುಲೈ ತಿಂಗಳಲ್ಲಿ ನಮ್ಮ ದೇಶದ ವಿದ್ಯಾವಂತರ ನಡುವೆ ತಲೆಯೆತ್ತಿತು. ತೆಲಂಗಾಣದ ಹಿರಿಯ ಐ.ಎ.ಎಸ್. ಅಧಿಕಾರಿಗಳಾದ ಸ್ಮಿತಾ ಸಭರ್ವಾಲ್ ಅವರು ಅದನ್ನು ಸಾರ್ವಜನಿಕವಾಗಿ ಮುಂದಿಟ್ಟರು. ವಿಮಾನ ನಡೆಸುವುದಕ್ಕೆ ಅಂಗವಿಕಲರನ್ನು ಯಾವ ಸಂಸ್ಥೆಯಾದರೂ ನೇಮಿಸಿಕೊಳ್ಳುತ್ತದೆಯೆ, ಅಂಗವಿಕಲರಾದ ಶಸ್ತ್ರವೈದ್ಯರನ್ನು ಯಾರಾದರೂ ನಂಬಿಯಾರೆ ಎಂದು ಕೇಳಿ, ಅಖಿಲ ಭಾರತ ಸೇವೆಗಳೆಂದರೆ ಊರೂರು ತಿರುಗುವ, ಹೊತ್ತುಗೊತ್ತಿಲ್ಲದೆ ದುಡಿಯುವ, ಜನರ ಅಹವಾಲನ್ನು ನೇರವಾಗಿ ಆಲಿಸುವ ಕೆಲಸವಾದುದರಿಂದ ಅಲ್ಲಿ ಅಂಗವಿಕಲರಿಗೆ ಮೀಸಲಾತಿಯಾದರೂ ಏತಕ್ಕೆಂದು ಅವರು ಪ್ರಶ್ನಿಸಿದರು. ಖಂಡನೆಗಳು ಬಂದವು, ಸಮರ್ಥನೆಗಳೂ ಬಂದವು, ಕೆಲವು ವಾರಗಳಲ್ಲಿ ಗದ್ದಲ ತಣ್ಣಗಾಯಿತು. ವಾದ ಮಾತ್ರ ತಣ್ಣಗಾಗಲಿಲ್ಲ. ಏಕೆಂದರೆ ಅದು ದೊಡ್ಡ ಅಧಿಕಾರಿಯೊಬ್ಬರ ಸ್ವಂತ ಮಾತಲ್ಲ, ಶ್ರೀರಂಗಪಟ್ಟಣದ ಬಳಿಯ ನಮ್ಮ ಕಿರಂಗೂರಿನಂಥ ಊರಿನ ಅಂಗಡಿಯ ಜಗಲಿಯ ಮೇಲೆ, "ಪಾಪ, ಅಂಥೋರ್ಗೆ ಪಿಂಚಣಿ ಕೊಡ್ಲಿ ಕಣಪ್ಪಾ, ಡಿ.ಸಿ. ಕೆಲ್ಸ ಅವರ ಕೈಲಿ ಆಯ್ತದಾ?" ಎಂದು ಕರುಣೆಯ ಧ್ವನಿಯಲ್ಲಿ ಆಡುವ ಮಾತೂ ಇದೇ ಸಿದ್ಧಾಂತದ ಇನ್ನೊಂದು ಮುಖ. ಮೊದಲನೆಯದರಲ್ಲಿ ತಿರಸ್ಕಾರ ಕಾಣುತ್ತದೆ, ಎರಡನೆಯದರಲ್ಲಿ ದಯೆ ಕಾಣುತ್ತದೆ. ಬಾಗಿಲು ಮುಚ್ಚುವುದು ಎರಡರಲ್ಲಿಯೂ ಒಂದೇ.

ಈ ಸಿದ್ಧಾಂತಕ್ಕೆ ಪ್ರತ್ಯಕ್ಷವಾಗಿ ಎದುರು ನಿಲ್ಲುವ ಕನ್ನಡಿಗರೊಬ್ಬರಿದ್ದಾರೆ. 1983ರಲ್ಲಿ ಹಾಸನದಲ್ಲಿ ಹುಟ್ಟಿ, ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಓದಿ, 2007ರ ತಂಡದಲ್ಲಿ ಐ.ಎ.ಎಸ್. ಸೇರಿ ಉತ್ತರ ಪ್ರದೇಶಕ್ಕೆ ಹೋದ ಸುಹಾಸ್ ಲಾಳಿನಕೆರೆ ಯತಿರಾಜ್ ಅವರಿಗೆ ಒಂದು ಕಾಲಿನ ಪಾದದ ಕೀಲಿನಲ್ಲಿ ಊನವಿದೆ. ಆಜಂಗಢದಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಬ್ಯಾಡ್ಮಿಂಟನ್ ಪಂದ್ಯಾವಳಿಯೊಂದನ್ನು ಉದ್ಘಾಟಿಸಲು ಹೋದವರು, ತಾವೂ ಆಡಬಹುದೆ ಎಂದು ಕೇಳಿ ಕಣಕ್ಕಿಳಿದು ನುರಿತ ಆಟಗಾರರನ್ನು ಸೋಲಿಸಿದರೆಂಬುದೂ, ಅಲ್ಲಿದ್ದ ಪ್ಯಾರಾ ತಂಡದ ತರಬೇತುದಾರ ಗೌರವ್ ಖನ್ನಾ ಅವರ ಕಣ್ಣಿಗೆ ಬಿದ್ದರೆಂಬುದೂ ಈಗ ಪ್ರಸಿದ್ಧ ವೃತ್ತಾಂತ. 2016ರಲ್ಲಿ ಬೀಜಿಂಗಿನಲ್ಲಿ ಏಷ್ಯಾ ಚಾಂಪಿಯನ್ ಪಟ್ಟ. 2023ರ ಅಕ್ಟೋಬರಿನಲ್ಲಿ ಹ್ಯಾಂಗ್‌ಝೌನ ಏಷ್ಯನ್ ಪ್ಯಾರಾ ಕ್ರೀಡೆಗಳ ಚಿನ್ನ. 2024ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ವಿಶ್ವ ಚಾಂಪಿಯನ್ ಪಟ್ಟ. ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಬೆಳ್ಳಿ. ಪದಕಗಳ ಪಟ್ಟಿಯನ್ನು ಇಷ್ಟಕ್ಕೇ ನಿಲ್ಲಿಸುತ್ತೇನೆ. ನನ್ನ ವಾದಕ್ಕೆ ಬೇಕಾದದ್ದು ಅದರ ನಡುವಿನ ಒಂದೇ ಒಂದು ಸಂಗತಿ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ, ಕೊರೊನಾ ವ್ಯಾಧಿಯ ನಿರ್ವಹಣೆ ತೃಪ್ತಿಕರವಾಗಿಲ್ಲವೆಂದು ಮುಖ್ಯಮಂತ್ರಿಗಳು ನೋಯ್ಡಾ ನಗರವಿರುವ ಗೌತಮ ಬುದ್ಧ ನಗರದ ಅಂದಿನ ಜಿಲ್ಲಾಧಿಕಾರಿಯ ಮೇಲೆ ಸಭೆಯಲ್ಲಿಯೇ ಸಿಡಿಮಿಡಿಗೊಂಡ ಬಳಿಕ, ಆ ಸ್ಥಾನಕ್ಕೆ ಕಳುಹಿಸಲ್ಪಟ್ಟವರು ಸುಹಾಸ್. ದೆಹಲಿಯ ಗಡಿಗೆ ಅಂಟಿಕೊಂಡ ಜಿಲ್ಲೆ ಅದು. ವಲಸೆ ಕಾರ್ಮಿಕರ ಗುಂಪುಗಳು, ಮುಚ್ಚಿದ ಕಾರ್ಖಾನೆಗಳು, ಆಸ್ಪತ್ರೆಯ ಹಾಸಿಗೆಗಾಗಿ ಪರದಾಟ, ಇವುಗಳ ಮಧ್ಯೆ ಒಂದೂವರೆ ವರ್ಷ ಆಡಳಿತ ನಡೆಸಿ, ಕಚೇರಿಯ ಕೆಲಸ ಮುಗಿದ ಮೇಲೆ ರಾತ್ರಿಯ ಹೊತ್ತು ಅಭ್ಯಾಸ ಮಾಡಿ, 2021ರ ಸೆಪ್ಟೆಂಬರ್ 5ರಂದು ಟೋಕಿಯೊದಲ್ಲಿ ಫ್ರಾನ್ಸಿನ ಲೂಕಾ ಮಜೂರರ ಎದುರು ಅಂತಿಮ ಪಂದ್ಯದ ಮೊದಲ ಗೇಮನ್ನು 21–15ರಿಂದ ಗೆದ್ದು, ಮುಂದಿನವೆರಡನ್ನು 17–21, 15–21ರಿಂದ ಸೋತು ಬೆಳ್ಳಿಯೊಡನೆ ಮರಳಿದಾಗಲೂ ಅವರು ಅದೇ ಜಿಲ್ಲೆಯ ಅಧಿಕಾರಿಯೇ ಆಗಿದ್ದರು. ಹೊತ್ತುಗೊತ್ತಿಲ್ಲದ ದುಡಿಮೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಸ್ಮಿತಾ ಸಭರ್ವಾಲ್ ಅವರು ಎಲ್ಲಿಂದ ತಂದಾರು?

ಆದರೆ ಇಲ್ಲಿಗೆ ವಾದ ಗೆದ್ದಿತೆಂದು ತಿಳಿಯುವವನು ತನಗೆ ಅರಿವಿಲ್ಲದೆಯೇ ಎದುರಾಳಿಯ ಪಕ್ಷಕ್ಕೆ ಸೇರಿಬಿಡುತ್ತಾನೆ. ಸುಹಾಸ್ ಅವರ ಹೆಸರನ್ನು ಹೇಳಿದೊಡನೆಯೇ ಭಕ್ತಿಭಾವದಿಂದ ಕೈಮುಗಿಯುವ ಜನರ ಗುಂಪೊಂದಿದೆ. ನನ್ನ ಮಟ್ಟಿಗೆ ನಿಂದಕರಿಗಿಂತ ಈ ಸ್ತುತಿಪಾಠಕರೇ ಹೆಚ್ಚು ಅಪಾಯಕಾರಿಗಳು. ನೋಡಿ, ಮನಸ್ಸಿದ್ದರೆ ಅಂಗವಿಕಲರೂ ಏನನ್ನಾದರೂ ಸಾಧಿಸಬಲ್ಲರು ಎಂದು ಅವರು ಮೊದಲು ಹೇಳುತ್ತಾರೆ. ಹಾಗಿದ್ದ ಮೇಲೆ ಮೀಸಲಾತಿ ಏಕೆ, ಇಳಿಜಾರು ದಾರಿ ಏಕೆ, ಪರೀಕ್ಷೆಯಲ್ಲಿ ಬರೆದುಕೊಡುವವರು ಏಕೆ ಎಂದು ಅನಂತರ ಕೇಳುತ್ತಾರೆ. ಒಬ್ಬನ ಅಸಾಧಾರಣ ಸಾಮರ್ಥ್ಯವನ್ನು ಸಾವಿರ ಜನ ಸಾಧಾರಣರ ಹಕ್ಕಿನ ವಿರುದ್ಧ ಸಾಕ್ಷಿಯನ್ನಾಗಿ ನಿಲ್ಲಿಸುವ ಈ ಉಪಾಯ ಹೊಸದೇನಲ್ಲ. ಎರಡು ಕಾಲೂ ಸರಿಯಾಗಿರುವ ಅಧಿಕಾರಿ ಒಲಿಂಪಿಕ್ ಪದಕ ತಂದ ಮೇಲೆಯೇ ಜಿಲ್ಲೆಯ ಅಧಿಕಾರಕ್ಕೆ ಯೋಗ್ಯನೆಂದು ನಾವು ಎಂದಾದರೂ ನಿಯಮ ಮಾಡಿದ್ದೇವೆಯೆ? ಮಧ್ಯಮ ಪ್ರತಿಭೆಯ, ಸಾಮಾನ್ಯ ಆರೋಗ್ಯದ, ಮಧ್ಯಾಹ್ನದ ಊಟವಾದ ಮೇಲೆ ಸ್ವಲ್ಪ ತೂಕಡಿಸುವ ಎಷ್ಟೋ ಮಂದಿ ಜಿಲ್ಲಾಧಿಕಾರಿಗಳನ್ನು ಈ ನಾಡು ಕಂಡಿದೆ, ಸಹಿಸಿದೆ, ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಕಳುಹಿಸಿದೆ. ಅಂಗವಿಕಲನಿಗೂ ಹಾಗೆ ಮಧ್ಯಮನಾಗಿರುವ ಸ್ವಾತಂತ್ರ್ಯವುಂಟು. ವಿಶ್ವ ಚಾಂಪಿಯನ್ ಆದರೆ ಮಾತ್ರ ಅವನನ್ನು ಒಳಕ್ಕೆ ಬಿಡುವೆವೆಂಬುದು ಸಮಾನತೆಯಲ್ಲ, ಸುಂಕ.

ಸುಹಾಸ್ ಅವರಿಗೆ ಮಗನಲ್ಲಿ ವಿಶ್ವಾಸವಿಟ್ಟ, ಸರ್ಕಾರಿ ಸೇವೆಯಲ್ಲಿದ್ದ ತಂದೆಯಿದ್ದರು. ಒಳ್ಳೆಯ ಶಿಕ್ಷಣ ದೊರೆಯಿತು. ಇದನ್ನು ಅವರ ಸಾಧನೆಯನ್ನು ಕುಗ್ಗಿಸಲು ಹೇಳುತ್ತಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿಯೇ ಹದಿಮೂರು ಲಕ್ಷಕ್ಕೂ ಹೆಚ್ಚು ಮಂದಿ ಅಂಗವಿಕಲರಿದ್ದಾರೆ. ಅವರಲ್ಲಿ ಅಂಥ ತಂದೆ, ಅಂಥ ಶಾಲೆ ದೊರೆಯದವರೇ ಹೆಚ್ಚೆಂಬುದನ್ನು ಮರೆಯಬಾರದೆಂದು ಹೇಳುತ್ತಿದ್ದೇನೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ ನಾಲ್ಕಕ್ಕೆ ಕಡಮೆಯಿಲ್ಲದಂತೆ ಮೀಸಲಿಡಬೇಕೆಂದದ್ದು ಆ ಬಹುಸಂಖ್ಯಾತರಿಗಾಗಿ. 1995ರ ಹಳೆಯ ಕಾಯಿದೆಯಲ್ಲಿ ಇದು ನೂರಕ್ಕೆ ಮೂರಾಗಿತ್ತು. ಮೂರು ನಾಲ್ಕಾಗಲು ಇಪ್ಪತ್ತೊಂದು ವರ್ಷ ಹಿಡಿಯಿತು.

ಇನ್ನು ವಿಮಾನಚಾಲಕ, ಶಸ್ತ್ರವೈದ್ಯರ ದೃಷ್ಟಾಂತಕ್ಕೆ ಬರೋಣ. ಕೇಳಿದ ಕೂಡಲೇ ಹೌದೆನ್ನಿಸುವ, ಯೋಚಿಸಿದ ಕೂಡಲೇ ಕುಸಿಯುವ ಜಾತಿಯ ದೃಷ್ಟಾಂತ ಅದು. ಯಾವ ಕೆಲಸಕ್ಕೆ ಯಾವ ಅಂಗದ ಯಾವ ವ್ಯಾಪಾರ ಅನಿವಾರ್ಯ ಎಂಬುದು ವಿಚಾರಿಸಿ ನೋಡಬೇಕಾದ ಪ್ರಶ್ನೆ. ಅಂಗವಿಕಲರೆಂಬ ಒಂದೇ ಮೂಟೆಯಲ್ಲಿ ಕುರುಡರನ್ನೂ ಕುಂಟರನ್ನೂ ಕಿವುಡರನ್ನೂ ಕಟ್ಟಿ ಎಸೆಯುವುದು ವಿಚಾರವಲ್ಲ. ಈ ವಿವೇಕವನ್ನು ನಾವು ಬ್ಯಾಡ್ಮಿಂಟನ್ ಕಣದಿಂದಲೇ ಕಲಿಯಬಹುದು. ಸುಹಾಸ್ ಆಡುವುದು ಎಸ್.ಎಲ್.4 ಎಂಬ ವರ್ಗದಲ್ಲಿ. ನಿಂತು ಆಡುವ, ಕಾಲಿನ ಊನ ಅಷ್ಟು ತೀವ್ರವಲ್ಲದ ಆಟಗಾರರ ವರ್ಗ ಅದು. ಊನ ಇನ್ನೂ ಹೆಚ್ಚಾಗಿರುವ ಎಸ್.ಎಲ್.3 ವರ್ಗದವರು ಸಿಂಗಲ್ಸ್ ಪಂದ್ಯವನ್ನು ಅರ್ಧ ಅಂಕಣದಲ್ಲಿ ಆಡುತ್ತಾರೆ, ಎಸ್.ಎಲ್.4ರವರಿಗೆ ಇಡೀ ಅಂಕಣ. ಗಾಲಿಕುರ್ಚಿಯವರಿಗೆ ಬೇರೆ ವರ್ಗ, ಕೈಯ ಊನವುಳ್ಳವರಿಗೆ ಬೇರೆ, ಕುಬ್ಜರಿಗೆ ಬೇರೆ. ಈ ದೇಹದಲ್ಲಿ ಏನು ಕೊರತೆಯಿದೆ ಎಂದು ಮಾತ್ರ ಕೇಳಿ ಆ ಕ್ರೀಡೆ ಸುಮ್ಮನಾಗುವುದಿಲ್ಲ. ಈ ಆಟದಲ್ಲಿ ಈ ದೇಹ ಏನನ್ನು ಮಾಡಬಲ್ಲದು ಎಂದು ಪರೀಕ್ಷಕರು ಅಂಕಣದಲ್ಲಿಯೇ ನಿಂತು ನೋಡುತ್ತಾರೆ.

ನಮ್ಮ ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆಂಬುದು ಆಕ್ಷೇಪಕರಿಗೆ ತಿಳಿಯದೆ ಇರಲಾರದು. ಯಾವ ಹುದ್ದೆಗೆ ಕೂರುವುದು, ನಿಲ್ಲುವುದು, ನಡೆಯುವುದು, ನೋಡುವುದು, ಕೇಳುವುದು, ಓದಿ ಬರೆಯುವುದು ಇವುಗಳಲ್ಲಿ ಯಾವುವು ಅಗತ್ಯವೆಂದು ಗುರುತಿಸಿ ಪಟ್ಟಿ ಮಾಡಲಾಗಿದೆ. ಆಯ್ಕೆಯಾದವರು ವೈದ್ಯಕೀಯ ಮಂಡಲಿಯ ಮುಂದೆ ಹಾಜರಾಗಬೇಕು. ಪೊಲೀಸ್ ಸೇವೆಯ ಹುದ್ದೆಗಳಿಗೆ 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಈ ಮೀಸಲಾತಿಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯ ಔಚಿತ್ಯ ಬೇರೆ ವಿಷಯ. ಇಷ್ಟೆಲ್ಲ ಜರಡಿಗಳ ಮೂಲಕ ಹಾದು ಬಂದವನಿಗೆ, ನೀನು ವಿಮಾನ ಹಾರಿಸಬಲ್ಲೆಯಾ ಎಂದು ಕೇಳುವುದರಲ್ಲಿ ಏನು ಅರ್ಥ?

ಊರೂರು ತಿರುಗುವ ಕೆಲಸವೆಂಬ ಮಾತನ್ನು ಊರಿನವರಾದ ನಾವು ಸ್ವಲ್ಪ ಹತ್ತಿರದಿಂದ ನೋಡಿದ್ದೇವೆ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ನಮ್ಮ ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವುದಷ್ಟೆ. ಆ ದಿನ ಸಾಹೇಬರು ಕಾರಿನಿಂದ ಇಳಿಯುತ್ತಾರೆ, ಪೂಜೆಯಲ್ಲಿ ನಿಲ್ಲುತ್ತಾರೆ, ಆನೆಯತ್ತ ಪುಷ್ಪ ಎಸೆಯುತ್ತಾರೆ, ಮತ್ತೆ ಕಾರನ್ನು ಏರುತ್ತಾರೆ. ಬಿಸಿಲಿನಲ್ಲಿ ನಿಂತು ಹಗ್ಗ ಕಟ್ಟಿಸಿದವರು, ನೀರಿನ ಟ್ಯಾಂಕರ್ ತರಿಸಿದವರು, ಜನರನ್ನು ಪಕ್ಕಕ್ಕೆ ಸರಿಸಿದವರು ಬೇರೆಯೇ ಇದ್ದಾರೆ. ಗದ್ದೆಯ ಬದುವಿನ ಮೇಲೆ ನಡೆದು ಬೆಳೆಯನ್ನು ನೋಡಿ ಬರೆದುಕೊಳ್ಳುವವನು ಗ್ರಾಮ ಆಡಳಿತ ಅಧಿಕಾರಿ. ಪೋಡಿಗಾಗಿ ಜಮೀನನ್ನು ಅಳೆಯುವವನು ಸರ್ವೇಯರ್. ಜಿಲ್ಲಾಧಿಕಾರಿಯ ನಿಜವಾದ ಶ್ರಮ ಇರುವುದು, ಪರಸ್ಪರ ವಿರುದ್ಧವಾದ ಹತ್ತು ವರದಿಗಳನ್ನು ಓದಿ ಯಾವುದು ಸುಳ್ಳೆಂದು ಹಿಡಿಯುವುದರಲ್ಲಿ, ನಾಲೆಯ ನೀರಿಗಾಗಿ ಬಂದ ಎರಡು ಕಡೆಯ ರೈತರನ್ನೂ ಕೂರಿಸಿಕೊಂಡು ತಾಳ್ಮೆಯಿಂದ ಆಲಿಸುವುದರಲ್ಲಿ, ಪ್ರಭಾವಿಯೊಬ್ಬನ ಫೋನ್ ಕರೆಗೆ ಇಲ್ಲವೆನ್ನುವುದರಲ್ಲಿ. ಈ ಕೊನೆಯ ಕೆಲಸಕ್ಕೆ ಬೇಕಾದ ಅಂಗ ಬೆನ್ನುಮೂಳೆ. ಅದರ ಊನವನ್ನು ಯಾವ ವೈದ್ಯಕೀಯ ಮಂಡಲಿಯೂ ಈವರೆಗೆ ಪತ್ತೆಹಚ್ಚಿಲ್ಲ.

ಕೊರತೆಯೊಂದಿದ್ದೂ ನಾಡನ್ನು ಆಳಬಹುದೆಂಬುದಕ್ಕೆ ಪಕ್ಕದ ಶ್ರೀರಂಗಪಟ್ಟಣದ ಕೋಟೆಯನ್ನೇ ನೋಡಬಹುದು. ಅಲ್ಲಿಂದ ಮೈಸೂರು ರಾಜ್ಯವನ್ನು ಆಳಿ, ಅದನ್ನು ಹಿಂದೆಂದೂ ಇಲ್ಲದಷ್ಟು ವಿಸ್ತರಿಸಿದ ಹೈದರ್ ಅಲಿಗೆ ಓದು ಬರಹ ಬಾರದು. ರಾಜಕಾರಣವೆಂದರೆ ಪತ್ರವ್ಯವಹಾರವೇ ಆಗಿದ್ದ ಕಾಲದಲ್ಲಿ, ಇಂದಿನ ಆಕ್ಷೇಪಕರ ತರ್ಕದಂತೆ, ಅದು ಕಾಲಿನ ಊನಕ್ಕಿಂತ ಎಷ್ಟೋ ಪಾಲು ದೊಡ್ಡ ಅನರ್ಹತೆ. ಆತ ಮುನ್ಷಿಗಳಿಂದ ಓದಿಸಿದ, ಬರೆಯಿಸಿದ, ನೆನಪಿನಲ್ಲಿಟ್ಟುಕೊಂಡ, ಆಜ್ಞೆ ಕೊಟ್ಟ. ಅರಸನಿಗಾದರೆ ಅದು ಆಡಳಿತದ ಸಹಜ ಏರ್ಪಾಡು. ಕುರುಡನಾದ ಅಧಿಕಾರಿಗೆ ಕಡತವನ್ನು ಓದಿ ಹೇಳುವ ಕಂಪ್ಯೂಟರ್ ಕೊಟ್ಟರೆ ಅದು ರಿಯಾಯಿತಿ! ಪೂರ್ಣ ಅಂಧರಾದ ರಾಜೇಶ್ ಸಿಂಗ್ ಅವರು 2020ರಲ್ಲಿ ಝಾರ್ಖಂಡಿನ ಬೊಕಾರೊ ಜಿಲ್ಲೆಯ ಅಧಿಕಾರ ವಹಿಸಿಕೊಂಡರು. ನಮ್ಮವರೇ ಆದ, ಕುಣಿಗಲ್ ತಾಲ್ಲೂಕಿನ ಅಂಧ ಶಿಕ್ಷಕ ಕೆಂಪಹೊನ್ನಯ್ಯ ಅವರು 2016ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಐ.ಎ.ಎಸ್. ಅಧಿಕಾರಿಯಾಗಿ ಪಶ್ಚಿಮ ಬಂಗಾಳಕ್ಕೆ ಹೋದರು. 2025ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ದೃಷ್ಟಿಯಿಲ್ಲವೆಂಬ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡಕೂಡದೆಂದು ತೀರ್ಪಿತ್ತಿತು. ಸಾಕ್ಷಿಯ ಮುಖಭಾವವನ್ನು ನೋಡಬೇಕಾದ ನ್ಯಾಯಾಧೀಶನ ವಿಷಯದಲ್ಲಿಯೇ ಹೀಗಿದ್ದ ಮೇಲೆ ಜಿಲ್ಲಾಧಿಕಾರಿಯ ಮಾತೇನು?

2024ರ ಜುಲೈ ತಿಂಗಳ ಆ ವಿವಾದಕ್ಕೆ ಕಿಡಿಯಾದದ್ದು ಮಹಾರಾಷ್ಟ್ರದಲ್ಲಿ ತರಬೇತಿಯಲ್ಲಿದ್ದ ಐ.ಎ.ಎಸ್. ಅಧಿಕಾರಿ ಪೂಜಾ ಖೇಡ್ಕರ್ ಅವರ ಪ್ರಕರಣ. ಅವರ ಅಂಗವೈಕಲ್ಯದ ಪ್ರಮಾಣಪತ್ರಗಳು ಸಾಚಾ ಅಲ್ಲವೆಂಬ ಆರೋಪ ಬಂತು. ಗುರುತನ್ನು ಮರೆಮಾಚಿ ನಿಗದಿಗಿಂತ ಹೆಚ್ಚು ಬಾರಿ ಪರೀಕ್ಷೆಗೆ ಕುಳಿತರೆಂದು ಕೇಂದ್ರ ಲೋಕಸೇವಾ ಆಯೋಗವು 2024ರ ಜುಲೈ 31ರಂದು ಅವರ ಉಮೇದುವಾರಿಕೆಯನ್ನೇ ರದ್ದುಪಡಿಸಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿತು. ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನು ಬಿಗಿಗೊಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸುಳ್ಳು ಪತ್ರದಿಂದ ಮೊದಲು ನಷ್ಟವಾಗುವುದು ನಿಜವಾದ ಅಂಗವಿಕಲನಿಗೇ. ಆದರೆ ಕಬ್ಬಿನ ಗದ್ದೆಗೆ ಹಂದಿ ನುಗ್ಗಿತೆಂದು ನಮ್ಮ ಕಡೆಯ ಯಾವ ರೈತನೂ ಗದ್ದೆಗೆ ಬೆಂಕಿ ಹಚ್ಚಿದ್ದನ್ನು ನಾನು ಕಂಡಿಲ್ಲ. ಜಾತಿಯ, ಆದಾಯದ, ವಾಸಸ್ಥಳದ ಸುಳ್ಳು ಪತ್ರಗಳು ಸಿಕ್ಕಿಬಿದ್ದಾಗ ಪತ್ರ ತಂದವನನ್ನೂ ಕೊಟ್ಟವನನ್ನೂ ಹಿಡಿಯಿರಿ ಎನ್ನುವ ನಾವು, ಅಂಗವೈಕಲ್ಯದ ವಿಷಯದಲ್ಲಿ ಮಾತ್ರ ಹಕ್ಕನ್ನೇ ತೆಗೆಯಿರಿ ಎನ್ನುವುದಾದರೆ, ಆ ಹಕ್ಕು ನಮ್ಮ ಮನಸ್ಸಿನಲ್ಲಿ ಮೊದಲಿನಿಂದಲೂ ಹಕ್ಕಾಗಿರದೆ ಭಿಕ್ಷೆಯಾಗಿತ್ತೆಂದು ಒಪ್ಪಿಕೊಂಡಂತೆ.

ಜನರ ಅಹವಾಲನ್ನು ನೇರವಾಗಿ ಕೇಳುವ ಕೆಲಸ ಎಂಬ ಮಾತೊಂದು ಉಳಿದಿದೆ; ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ತಥ್ಯವಿದೆ, ಆಕ್ಷೇಪಕರು ಉದ್ದೇಶಿಸಿದ ರೀತಿಯಲ್ಲಲ್ಲ. ಅಹವಾಲು ಹೇಳುವವರಲ್ಲಿಯೂ ಅಂಗವಿಕಲರಿದ್ದಾರಲ್ಲ? ನಮ್ಮ ಸೀಮೆಯ ಎಷ್ಟೋ ಸರ್ಕಾರಿ ಕಟ್ಟಡಗಳಲ್ಲಿ ಮಾಸಾಶನದ ವಿಭಾಗವೇ ಮಹಡಿಯ ಮೇಲಿರುತ್ತದೆ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಬುಡದಲ್ಲಿ ಕುಳಿತ ಅರ್ಜಿದಾರನ ಪರವಾಗಿ ಅವನ ಹೆಂಡತಿಯೋ ಮಗಳೋ ಮೇಲೆ ಹೋಗಿ, ಅವರೇ ಬಂದು ಹೆಬ್ಬೆಟ್ಟು ಒತ್ತಬೇಕು ಎಂದು ಹೇಳಿಸಿಕೊಂಡು ಕೆಳಗೆ ಬರುತ್ತಾಳೆ. ಇಳಿಜಾರು ದಾರಿ ಇದ್ದಲ್ಲಿ ಅದರ ಮೇಲೆ ಬೈಕುಗಳು ನಿಂತಿರುತ್ತವೆ. ಒಂದು ಕಾಲನ್ನು ಎಳೆದು ನಡೆಯುವ ಅಧಿಕಾರಿಯೊಬ್ಬ ಆ ಮೆಟ್ಟಿಲನ್ನು ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿಯುವಂತಾದರೆ ಆ ವಿಭಾಗ ಕೆಳಗೆ ಬರಲು ಎಷ್ಟು ದಿನ ಹಿಡಿದೀತು? ಆಡಳಿತದಲ್ಲಿ ಅಂಗವಿಕಲರಿರಬೇಕೆಂಬುದಕ್ಕೆ ನನ್ನ ಪ್ರಧಾನ ಕಾರಣ ಇದು: ಗಟ್ಟಿ ಕಾಲಿನವನ ಕಣ್ಣಿಗೆ ಮೆಟ್ಟಿಲು ಬೀಳುವುದೇ ಇಲ್ಲ.

ಇಂಥ ಮೆಟ್ಟಿಲುಗಳ ತೊಡಕನ್ನು ನೀಗಿಸಲೆಂದೇ 2015ರ ಡಿಸೆಂಬರಿನಲ್ಲಿ ಸುಗಮ್ಯ ಭಾರತ ಅಭಿಯಾನವನ್ನು ಘೋಷಿಸಲಾಯಿತು. 2024ರ ನವೆಂಬರ್ 8ರಂದು, ರಾಜೀವ್ ರತೂರಿ ಅವರ ಪ್ರಕರಣದಲ್ಲಿ, ಸಾರ್ವಜನಿಕ ಕಟ್ಟಡಗಳ ಸುಗಮ್ಯತೆಯ ನಿಯಮಗಳು ಬರಿಯ ಸಲಹೆಗಳಾಗಿ ಉಳಿದಿವೆಯೆಂದೂ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯ ಕೇಂದ್ರಕ್ಕೆ ಆಜ್ಞಾಪಿಸಿತು. ಆ ಗಡುವು ಮುಗಿದು ಬಹಳ ಕಾಲವಾಯಿತು. ಅಧಿಕಾರಿಯ ದೇಹದಾರ್ಢ್ಯದ ಬಗ್ಗೆ ನಿದ್ದೆಗೆಟ್ಟವರು ಒಂದು ದಿನದ ಮಟ್ಟಿಗೆ ತಮ್ಮ ತಮ್ಮ ತಾಲ್ಲೂಕು ಕಚೇರಿಗೆ ಗಾಲಿಕುರ್ಚಿಯಲ್ಲಿ ಕುಳಿತುಕೊಂಡು ಹೋಗಿ, ಒಂದು ಪಹಣಿಯನ್ನು ತೆಗೆಸಿಕೊಂಡು ಬರಲಿ. ಮೀಸಲಾತಿ ಬೇಕೋ ಬೇಡವೋ ಎಂಬ ಚರ್ಚೆಯನ್ನು ಆ ಸಂಜೆ ಮುಂದುವರಿಸೋಣ.