ಹತ್ತುವಾಗ ಮೋಟಾರು, ಇಳಿಯುವಾಗ ಸೈಕಲ್ಲು

ಸೈಕಲ್ಲು ತುಳಿಯುವುದನ್ನು ನಮ್ಮ ಓದುಗರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಬೆಳಗಿನ ಪಾಳಿಯ ಸೀಟಿ ಕೂಗುವ ಮುನ್ನ ಬುತ್ತಿಯನ್ನು ಹ್ಯಾಂಡಲಿಗೆ ತೂಗುಹಾಕಿ ಗಿರಣಿಗೆ ಧಾವಿಸುವವರಿಗೆ, ಕ್ಯಾರಿಯರಿನ ಮೇಲೆ ಮೂಟೆ ಕಟ್ಟಿ ಸಂತೆಗೆ ಹೋಗುವ ವ್ಯಾಪಾರಿಗಳಿಗೆ ಅದರ ಸುಖದುಃಖವೆಲ್ಲ ಗೊತ್ತು. ಆದರೆ ತಾನೇ ಹಣ ಕೊಟ್ಟು, ಅದೂ ಪರದೇಶಕ್ಕೆ ಹೋಗಿ, ಉರಿಬಿಸಿಲಿನಲ್ಲಿ ಸೈಕಲ್ಲು ತುಳಿದು ಬೆವರು ಸುರಿಸಿ ಬರುವ ಜನವೂ ಉಂಟು ಎಂದರೆ ಕೆಲವರು ನಕ್ಕಾರು. ನಗಬೇಡಿ. ಇದು ಈಗ ದೊಡ್ಡ ವ್ಯಾಪಾರ. ಅದರ ಜಮಾಖರ್ಚನ್ನು ಸ್ವಲ್ಪ ಬಿಡಿಸಿ ನೋಡುವುದು ನಮ್ಮ ಉದ್ದೇಶ.

ನಮ್ಮ ಹಿರಿಯರು ಸಿಲೋನ್ ಎನ್ನುತ್ತಿದ್ದ ಶ್ರೀಲಂಕೆಯನ್ನೇ ತೆಗೆದುಕೊಳ್ಳಿ. ಬ್ರಿಟನ್ನು, ಯೂರೋಪು, ಆಸ್ಟ್ರೇಲಿಯಗಳ ಪ್ರವಾಸ ಕಂಪೆನಿಗಳು ಅಲ್ಲಿಗೆ ಸೈಕಲ್ ತಂಡಗಳನ್ನು ಕರೆದೊಯ್ಯುತ್ತವೆ. ಬೆಂಗಳೂರಿನಿಂದ ಹೋಗುವ ಶ್ರೀಮಂತರೂ ಇದ್ದಾರೆ. ಹತ್ತು ಹನ್ನೆರಡು ಮಂದಿಯ ತಂಡ. ಮುಂದೆ ದಾರಿ ತೋರುವ ಗೈಡು. ಹಿಂದೆ ಪಂಕ್ಚರು ಹಾಕುವವನು. ಅವನ ಹಿಂದೆ ಪೆಟ್ಟಿಗೆ, ಐಸಿನಲ್ಲಿಟ್ಟ ನೀರು, ಹೆಚ್ಚಿದ ಅನಾನಸು ಹೊತ್ತ ವ್ಯಾನು. ದಣಿದವರು ಸೈಕಲ್ಲನ್ನು ವ್ಯಾನಿನ ತಲೆಯ ಮೇಲೇರಿಸಿ ತಾವು ಒಳಗೆ ತಣ್ಣಗೆ ಕುಳಿತುಕೊಳ್ಳಬಹುದು. ನೆಗೊಂಬೊ ಕಡಲತೀರದಿಂದ ಹೊರಟು ಸಿಗಿರಿಯದ ಬಂಡೆ, ದಂಬುಲ್ಲದ ಗುಹೆ, ಕ್ಯಾಂಡಿಯ ದಂತಮಂದಿರ, ನುವರ ಎಲಿಯದ ಚಹಾ ಬೆಟ್ಟ, ಅಲ್ಲಿಂದ ಎಲ್ಲ, ಕೊನೆಗೆ ಗಾಲೆಯ ಕೋಟೆ: ಹೆಚ್ಚು ಕಡಿಮೆ ಇದೇ ದಾರಿ, ಹದಿನೈದು ದಿನ. (ಊರಿನ ಹೆಸರೇ ‘ಎಲ್ಲ’. ಅಲ್ಲಿ ಎಲ್ಲರಿಗೂ ಎಲ್ಲವೂ ಸಿಗುತ್ತದೆಂದು ಯಾರೂ ಭ್ರಮಿಸಬೇಡಿ.)

ಈ ದಾರಿಯ ಮೊದಲ ಅರ್ಧದ ಮೇಲೆ ನಮ್ಮ ತಕರಾರಿಲ್ಲ. ಉತ್ತರದ ಬಯಲುಸೀಮೆ ಕೆರೆಗಳ ನಾಡು. ಹನ್ನೆರಡನೆಯ ಶತಮಾನದಲ್ಲಿ ಪರಾಕ್ರಮಬಾಹು ಕಟ್ಟಿಸಿದ ಪೊಲನ್ನರುವದ ಮಹಾಕೆರೆಗೆ ಜನ ಇಂದಿಗೂ ಸಮುದ್ರವೆಂದೇ ಹೆಸರಿಟ್ಟುಕೊಂಡಿದ್ದಾರೆ. ಅಂತಹ ಏರಿಯ ಮೇಲೆ, ಒಂದು ಕಡೆ ನೀರು ಇನ್ನೊಂದು ಕಡೆ ಗದ್ದೆ ನೋಡುತ್ತ, ಎದುರಿಗೆ ಹಳೆಯ ಲುಮಾಲಾ ಸೈಕಲ್ಲಿನಲ್ಲಿ ಬರುವ ರೈತನಿಗೆ ದಾರಿಬಿಟ್ಟು ಹೋಗುವುದು ಯಾರಿಗೆ ತಾನೇ ಹಿತವಲ್ಲ? ಗಾಜು ಏರಿಸಿದ ಬಸ್ಸಿನಲ್ಲಿ ಹೋಗುವವನಿಗೆ ಕಾಣದ್ದು ಸೈಕಲ್ಲಿನವನಿಗೆ ಕಾಣುತ್ತದೆ. ಬಸ್ಸು ನಿಲ್ಲದ ಕಡೆ ಸೈಕಲ್ಲು ನಿಲ್ಲುತ್ತದೆ. ರಸ್ತೆ ಬದಿಯಲ್ಲಿ ಕೆಂದೆಂಗಿನ ಎಳನೀರು ಕೊಚ್ಚಿ ಕೊಡುವವನಿಗೂ ನಾಲ್ಕು ಕಾಸು ದಕ್ಕುತ್ತದೆ. ಐಷಾರಾಮಿ ಹೋಟೆಲಿನ ಈಜುಕೊಳದಲ್ಲಿ ಬಿದ್ದುಕೊಂಡು ಊರನ್ನೇ ನೋಡದೆ ಹಿಂತಿರುಗುವ ಪ್ರವಾಸಿಗಿಂತ ಇವನು ವಾಸಿ. ಇಷ್ಟನ್ನು ಒಪ್ಪದಿದ್ದರೆ ನಮ್ಮದು ಕುತರ್ಕವಾದೀತು.

ತಕರಾರು ಶುರುವಾಗುವುದು ಕ್ಯಾಂಡಿಯ ಆಚೆ, ಬೆಟ್ಟ ಹತ್ತುವಾಗ.

ನುವರ ಎಲಿಯ ಇರುವುದು ಸಮುದ್ರಮಟ್ಟದಿಂದ ಸುಮಾರು 1868 ಮೀಟರು ಎತ್ತರದಲ್ಲಿ. ಹಲವು ಪ್ರವಾಸಗಳಲ್ಲಿ ಈ ಏರು ಬಂದ ಕೂಡಲೇ ಸೈಕಲ್ಲುಗಳು ವ್ಯಾನಿನ ತಲೆಗೇರುತ್ತವೆ, ಸವಾರರು ಸೀಟಿಗಿಳಿಯುತ್ತಾರೆ. ಇಲ್ಲವೇ ರೈಲು ಹಿಡಿಯುತ್ತಾರೆ. ಶಿಖರ ತಲುಪಿದ ಮೇಲೆ ಮತ್ತೆ ಸೈಕಲ್ಲು. ಆಗ ಪೆಡಲು ತುಳಿಯಬೇಕಾಗಿಲ್ಲ, ಬ್ರೇಕು ಹಿಡಿದರೆ ಸಾಕು. ಎರಡೂ ಬದಿಗೆ ಕತ್ತರಿಸಿ ಮಟ್ಟಮಾಡಿದ ಹಸಿರು. ಆ ಹಸಿರಿನ ನಡುವೆ ಬಣ್ಣದ ಸೀರೆ, ಬೆನ್ನಿಗೆ ಚೀಲ, ಹಣೆಗೆ ಅದರ ಪಟ್ಟಿ ಬಿಗಿದ ಹೆಣ್ಣಾಳುಗಳು. ತಂಡ ನಿಲ್ಲುತ್ತದೆ. ಫೋಟೋ ತೆಗೆಯಲಾಗುತ್ತದೆ. ಜಾಹೀರಾತಿನಲ್ಲಿ ಆ ಹೆಣ್ಣುಮಗಳು ನಗುತ್ತಿರುತ್ತಾಳೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಅದೇ ಇಳಿಜಾರನ್ನು ಆಕೆ ದಿನವೂ ಹತ್ತುತ್ತಾಳೆ. ಆಕೆಯ ಹಿಂದೆ ಯಾವ ವ್ಯಾನೂ ಬರುವುದಿಲ್ಲ.

ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಅಭ್ಯಾಸ ಬಿಡುವುದು ಕಷ್ಟ. ಒಂದು ಲೆಕ್ಕ ಮಾಡೋಣ. ಇಂಗ್ಲೆಂಡಿನಿಂದ ಹೊರಡುವ ಇಂತಹ ಪ್ರವಾಸಕ್ಕೆ ವಿಮಾನದ ಖರ್ಚು ಸೇರಿ ತಲೆಗೆ ಎರಡು ಸಾವಿರ ಪೌಂಡು ದಾಟುವುದು ಮಾಮೂಲು. ಶ್ರೀಲಂಕೆಯ ಚಹಾ ತೋಟದ ದಿನಗೂಲಿಯನ್ನು 1000 ರೂಪಾಯಿ ಮಾಡಿಸಿಕೊಳ್ಳಲು ಅಲ್ಲಿನ ಕೂಲಿಕಾರರು ವರ್ಷಗಟ್ಟಲೆ ಹೋರಾಡಿ 2021ರಲ್ಲಿ ಗೆದ್ದರು. 2024ರಲ್ಲಿ ಅದು 1350 ರೂಪಾಯಿ ಆಯಿತು. ಇದು ಅವರ ರೂಪಾಯಿ, ನಮ್ಮದಲ್ಲ. ಆ ವರ್ಷದ ದರದಲ್ಲಿ ಒಂದು ಪೌಂಡಿಗೆ ಸುಮಾರು 400 ಸಿಗುತ್ತಿತ್ತು. ಎರಡು ಸಾವಿರ ಪೌಂಡೆಂದರೆ 8 ಲಕ್ಷ. 1350ರಿಂದ ಭಾಗಿಸಿ. 590 ದಿನ ಮಿಕ್ಕಿತು. ಒಬ್ಬನ ಹದಿನೈದು ದಿನದ ರಜೆಗೆ ಒಬ್ಬಳ ಸುಮಾರು ಎರಡು ವರ್ಷದ ಕೂಲಿ. ನಿಗದಿಪಡಿಸಿದ ತೂಕದ ಎಲೆ ಕಿತ್ತು ಒಪ್ಪಿಸದ ದಿನ ಆ 1350 ಕೂಡ ಪೂರಾ ಕೈಸೇರುವ ಭರವಸೆಯಿರಲಿಲ್ಲ.

ಇಷ್ಟಕ್ಕೂ ಈ ಕೂಲಿಕಾರರು ಯಾರು? ಗೈಡು ಸಿಗಿರಿಯದಲ್ಲಿ ಕಾಶ್ಯಪರಾಜನ ಕತೆಯನ್ನು ಅರ್ಧ ಗಂಟೆ ಹೇಳುತ್ತಾನೆ. ಇವರ ಕತೆಗೆ ಎಷ್ಟು ನಿಮಿಷ? ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲಿ ಲೂಲೆಕಂದೆರ ತೋಟದ 19 ಎಕರೆಯಲ್ಲಿ ಚಹಾ ಹಾಕಿದ ಎಂಬುದು ಎಲ್ಲ ಪುಸ್ತಕದಲ್ಲೂ ಇದೆ. ಗಿಡ ನೆಟ್ಟ ಕೈಗಳ ಹೆಸರು ಇಲ್ಲ. ಅದಕ್ಕೂ ಮೊದಲು ಆ ಬೆಟ್ಟಗಳಲ್ಲಿ ಕಾಫಿ ಇತ್ತು, 1869ರಿಂದ ಎಲೆರೋಗ ಹತ್ತಿ ಹಾಳಾಯಿತು. ಕಾಫಿಗೂ ಚಹಾಕ್ಕೂ ಕೂಲಿಗಳು ಬಂದದ್ದು ಮದರಾಸು ಪ್ರಾಂತದ ಬರಗಾಲದ ಹಳ್ಳಿಗಳಿಂದ. ಕಂಗಾಣಿ ಎಂಬ ಮೇಸ್ತ್ರಿ ಮುಂಗಡ ಕೊಟ್ಟು ಸಾಲದ ಹಗ್ಗದಲ್ಲಿ ಕಟ್ಟಿ ತಂದ. ಮನ್ನಾರಿನ ತೀರದಲ್ಲಿ ದೋಣಿಯಿಂದಿಳಿದು ಕಾಡಿನಲ್ಲಿ ನೂರು ಮೈಲಿಗೂ ಮಿಕ್ಕಿ ನಡೆದು ಅವರು ಮಾತಳೆ ಸೇರಬೇಕಿತ್ತು. ಕಾಲರಾ ಬಂದು, ಹಸಿದು, ದಾರಿಯಲ್ಲೇ ಸತ್ತವರಿಗೆ ಲೆಕ್ಕವಿಲ್ಲ. ಉಳಿದವರಿಗೆ ಸಿಕ್ಕಿದ್ದು ಸಾಲುಮನೆ: ಸುಮಾರು ಹತ್ತಡಿ ಹನ್ನೆರಡಡಿಯ ಒಂದೊಂದು ಕೋಣೆಗೆ ಒಂದೊಂದು ಕುಟುಂಬ. ಆ ಸಾಲುಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಧಣಿಗಳ ಬಂಗಲೆಗಳು ಪ್ರವಾಸಿಗಳ ಹೋಟೆಲುಗಳಾಗಿವೆ.

ಕ್ಯಾಂಡಿಯಿಂದ ಹೇವಾಹೆಟ್ಟ ಕಡೆಗೆ ಹೋದರೆ ಮೂಲ್ ಓಯ ಎಂಬ ತೋಟವಿದೆ. 1940ರ ಜನವರಿಯಲ್ಲಿ ಅಲ್ಲಿ ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗೋವಿಂದನ್ ಎಂಬ ಕೂಲಿಕಾರ ಸತ್ತ. ಲಂಕಾ ಸಮಸಮಾಜ ಪಕ್ಷದ ಕಾರ್ಯಕರ್ತರು ಆ ಹೋರಾಟದಲ್ಲಿದ್ದರು. ಎಂಟು ವರ್ಷ ಕಳೆಯಿತು, ದೇಶಕ್ಕೆ ಸ್ವಾತಂತ್ರ್ಯ ಬಂತು. ಬಂದ ವರ್ಷವೇ, 1948ರಲ್ಲಿ, ಪೌರತ್ವ ಕಾಯಿದೆ ಮಾಡಿ ಸುಮಾರು 7 ಲಕ್ಷ ತೋಟದ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಲಾಯಿತು. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಅವರ ಪ್ರಧಾನಿ ಸಿರಿಮಾವೊ ಅವರೂ ಕುಳಿತು 9,75,000 ಜನರನ್ನು ಹಂಚಿಕೊಂಡರು: 5,25,000 ನಮಗೆ, 3,00,000 ಅವರಿಗೆ, ಮಿಕ್ಕ ಒಂದೂವರೆ ಲಕ್ಷವನ್ನು ಆಮೇಲೆ ನೋಡೋಣ ಎಂದು. ಸಂತೆಯಲ್ಲಿ ದನ ಕೊಳ್ಳುವವನಾದರೂ ದನದ ಬಾಯಿ ತೆರೆದು ನೋಡುತ್ತಾನೆ. ಈ ಜನರ ಬಾಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಹೀಗೆ ಬಂದವರಲ್ಲಿ ಒಂದು ಪಾಲು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲ್ಲೂಕುಗಳಲ್ಲಿ ಸರ್ಕಾರದ ರಬ್ಬರು ತೋಟಗಳಿಗೆ ಸೇರಿತು. ಆದ್ದರಿಂದ ಇದು ಪರದೇಶದ ಕತೆ, ನಮಗೇಕೆ ಎಂದು ಯಾರೂ ಅನ್ನಬೇಕಾಗಿಲ್ಲ.

ಇಷ್ಟೆಲ್ಲ ಇರುವ ರಸ್ತೆಯಲ್ಲಿ ಸೈಕಲ್ಲಿನ ತಂಡ ಬ್ರೇಕು ಹಿಡಿದು ಇಳಿದುಹೋಗುತ್ತದೆ. ಕಂಪೆನಿ ಮಾರುವುದು ‘ಸ್ಥಳೀಯ ಜೀವನದ ದರ್ಶನ’. ಜೀವನದ ಫೋಟೋ ಸಿಗುತ್ತದೆ, ಅದರ ಪಹಣಿ ಸಿಗುವುದಿಲ್ಲ.

ಇನ್ನು, ಸೈಕಲ್ಲಿನಲ್ಲಿ ಗುಂಪು ಕಟ್ಟಿ ರಜೆ ಕಳೆಯುವುದು ಯಾರ ಸೊತ್ತು ಎಂಬ ಮಾತು. ಇದು ಶ್ರೀಮಂತರ ಆವಿಷ್ಕಾರವಲ್ಲವೇ ಅಲ್ಲ. 1891ರಲ್ಲಿ ಮ್ಯಾಂಚೆಸ್ಟರಿನಲ್ಲಿ ರಾಬರ್ಟ್ ಬ್ಲ್ಯಾಚ್‌ಫರ್ಡ್ ಎಂಬ ಪತ್ರಕರ್ತರು ‘ಕ್ಲಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆ ಹೊರಡಿಸಿದರು. 1894ರಲ್ಲಿ ಬರ್ಮಿಂಗ್‌ಹ್ಯಾಮಿನ ಅದರ ಕೆಲವು ಓದುಗರು ಕೂಡಿ ಸೈಕಲ್ ಸಂಘ ಕಟ್ಟಿದರು. ಭಾನುವಾರ ಹೊಗೆಯ ಪಟ್ಟಣಗಳಿಂದ ಹಳ್ಳಿಗಳ ಕಡೆ ಗುಂಪಾಗಿ ಹೋಗುವುದು, ಪತ್ರಿಕೆ ಕರಪತ್ರ ಹಂಚುವುದು, ಕಟ್ಟೆಯ ಮೇಲೆ ನಿಂತು ನಾಲ್ಕು ಮಾತು ಹೇಳುವುದು, ಹಾಡುವುದು. ಊರೂರಿನಲ್ಲಿ ಶಾಖೆಗಳಾದವು. ಲ್ಯಾಂಕಷೈರಿನ ನೆಲ್ಸನ್ ಎಂಬ ನೇಯ್ಗೆ ಗಿರಣಿಗಳ ಊರಿನ ಸಮಾಜವಾದಿಗಳು 1912ರಲ್ಲಿ ಊರಾಚೆಯ ಹೊಲಗಳ ನಡುವೆ ಒಂದು ಕ್ಲಾರಿಯನ್ ಮನೆ ಕಟ್ಟಿಕೊಂಡರು. ವಾರವೆಲ್ಲ ಮಗ್ಗದ ಸದ್ದು ಕೇಳಿದ ಕಿವಿಗೆ ಒಂದು ದಿನ ಹಕ್ಕಿಯ ಸದ್ದು ಬೀಳಲೆಂದು. ಅಲ್ಲಿ ದೊಡ್ಡ ಲೋಟದಲ್ಲಿ ಚಹಾ ಕೊಡುತ್ತಿದ್ದರು, ಈಗಲೂ ಭಾನುವಾರ ಕೊಡುತ್ತಾರೆ. ಫ್ರಾನ್ಸಿನಲ್ಲಿ 1936ರ ದೊಡ್ಡ ಮುಷ್ಕರಗಳ ಬೆನ್ನಿಗೆ, ಜೂನ್ 20ರಂದು, ಎರಡು ವಾರದ ಸಂಬಳಸಹಿತ ರಜೆ ಕಾಯಿದೆಯಾಯಿತು. ಆ ಬೇಸಗೆಯಲ್ಲಿ ಇಬ್ಬರು ತುಳಿಯುವ ಸೈಕಲ್ಲಿನ ಮೇಲೆ ಗಂಡಹೆಂಡಿರು ಡೇರೆ ಕಟ್ಟಿಕೊಂಡು ಕಡಲಿನತ್ತ ಹೊರಟರು. ಎಷ್ಟೋ ಮಂದಿ ಕಡಲನ್ನು ನೋಡಿದ್ದು ಅದೇ ಮೊದಲು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳದ ರಜೆ ಕೊಟ್ಟಿತು. ಆ ರಜೆಯಲ್ಲಿ ನಮ್ಮವರು ಹೋದದ್ದೆಲ್ಲಿಗೆ? ಮದುವೆಗೆ, ತಿಥಿಗೆ, ಆಸ್ಪತ್ರೆಗೆ.

ಆದರೆ ನಮ್ಮ ಕಡೆಯವರೆಂದು ಕ್ಲಾರಿಯನ್ ಗೆಳೆಯರನ್ನು ಪೂರಾ ಬಿಟ್ಟುಬಿಡುವಂತಿಲ್ಲ. ಆ ದೊಡ್ಡ ಲೋಟದ ಚಹಾ ಎಲ್ಲಿಂದ ಬರುತ್ತಿತ್ತು? ಆ ಕಾಲಕ್ಕೆ ಬ್ರಿಟನ್ನು ಕುಡಿಯುತ್ತಿದ್ದ ಚಹಾದ ಬಹುಪಾಲು ಭಾರತದ್ದು ಮತ್ತು ಸಿಲೋನಿನದು. ಗಿರಣಿಯ ಹೆಣ್ಣುಮಗಳು ನೆಲ್ಸನ್ನಿನಲ್ಲಿ ಸೈಕಲ್ಲಿಳಿದು ಆರಾಮವಾಗಿ ಗುಟುಕರಿಸುತ್ತಿದ್ದ ಚಹಾದಲ್ಲಿ ತೋಟದ ಹೆಣ್ಣುಮಗಳ ಬೆನ್ನುನೋವು ಕುದಿದಿತ್ತು. ಒಬ್ಬಳ ಭಾನುವಾರ ಇನ್ನೊಬ್ಬಳ ಸೋಮವಾರದ ಮೇಲೆ ನಿಂತಿತ್ತು. ಅಂದಿನ ಬಡವರ ಸೈಕಲ್ಲಿಗೂ ಇಂದಿನ ಶ್ರೀಮಂತರ ಸೈಕಲ್ಲಿಗೂ ಇರುವ ಈ ಒಂದು ಸಂಬಂಧವನ್ನು ನಾವು ಮರೆಮಾಚುವುದಿಲ್ಲ.

ಕೆಲವರು ಹೇಳುತ್ತಾರೆ: ಪ್ರವಾಸಿಗಳು ಬರದಿದ್ದರೆ ಆ ದೇಶದ ಗತಿಯೇನು? 2022ರಲ್ಲಿ ನೋಡಲಿಲ್ಲವೇ? ನೋಡಿದೆವು. ಆ ವರ್ಷ ಸರ್ಕಾರದ ಬಳಿ ಡಾಲರು ಮುಗಿದು, ಪೆಟ್ರೋಲಿಗೆ ಮೈಲುಗಟ್ಟಲೆ ಸಾಲು ನಿಂತಿತು. ಜೂನ್ ಕೊನೆಯಿಂದ ಎರಡು ವಾರ ಅಗತ್ಯ ಸೇವೆಗಳನ್ನು ಬಿಟ್ಟು ಯಾರಿಗೂ ಪೆಟ್ರೋಲೇ ಇಲ್ಲವೆಂದರು. ಆಗ ಕೊಲಂಬೊದ ಗುಮಾಸ್ತರೂ ಡಾಕ್ಟರರೂ ಸೈಕಲ್ಲು ಹುಡುಕಿಕೊಂಡು ಹೊರಟರು. ಅಂಗಡಿಯಲ್ಲಿ ಸೈಕಲ್ಲಿನ ಬೆಲೆ ಗಗನಕ್ಕೇರಿತು. ಒಬ್ಬನಿಗೆ ರಜೆಯ ಮೋಜಾದದ್ದು ಇನ್ನೊಬ್ಬನಿಗೆ ಕೊಳ್ಳಲಾರದ ಸಾಮಾನಾಯಿತು. ಪ್ರವಾಸಿ ಬರಬಾರದೆಂದು ನಾವು ಹೇಳುತ್ತಿಲ್ಲ. ಬಂದ ಹಣ ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಿದ್ದೇವೆ. ಟಿಕೆಟ್ಟಿನ ಹಣ ವಿಮಾನದವರಿಗೆ, ಲಾಭ ಕಂಪೆನಿಯ ಊರಿಗೆ, ಕೋಣೆಯ ಬಾಡಿಗೆ ಹೋಟೆಲಿನ ಒಡೆಯರಿಗೆ. ಗೈಡು, ಡ್ರೈವರು, ಪಂಕ್ಚರಿನ ಹುಡುಗ? ಅವರ ಪಾಲಿನ ಒಂದು ಭಾಗ ‘ಟಿಪ್ಸು’. ಕೊನೆಯ ದಿನ ಲಕೋಟೆಯೊಳಗಿಟ್ಟು ಕೊಡುವ ದಯೆ. ದುಡಿದವನ ಕೂಲಿಯನ್ನು ಗಿರಾಕಿಯ ಮರ್ಜಿಗೆ ಬಿಡುವ ಈ ಪದ್ಧತಿ ಹೋಟೆಲು ಮಾಣಿಗಳಾಗಿ ದುಡಿದ ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ. 2019ರ ಏಪ್ರಿಲ್ 21ರಂದು ಈಸ್ಟರ್ ಹಬ್ಬದ ಬಾಂಬುಗಳು ಸಿಡಿದ ಮೇಲೆ, ಮರುವರ್ಷ ಕೊರೋನಾ ಬಂದ ಮೇಲೆ, ಪ್ರವಾಸಿಗಳು ನಿಂತರು. ಅವರೊಡನೆ ಲಕೋಟೆಯೂ ನಿಂತಿತು. ಕಾಯಂ ಸಂಬಳ, ಕೆಲಸವಿಲ್ಲದ ತಿಂಗಳಿಗೆ ಭತ್ಯೆ, ಇವನ್ನು ಟಿಕೆಟ್ಟಿನ ಬೆಲೆಯೊಳಗೇ ಸೇರಿಸಲು ಕಂಪೆನಿಗಳಿಗೆ ಏನು ಅಡ್ಡಿ? ಅನಾನಸಿನ ಖರ್ಚು ಸೇರಿಸಲು ಬರುತ್ತದಂತೆ!

ಬೆಂಗಳೂರಿನಿಂದ ಹೋಗುವ ಮಹನೀಯರಿಗೆ ನಮ್ಮದೊಂದು ಬಿನ್ನಹ. ಹೋಗಿ ಬನ್ನಿ, ಸಂತೋಷ. ಹೋಗುವ ಮುನ್ನ ಕಂಪೆನಿಗೆ ಮೂರು ಪ್ರಶ್ನೆ ಬರೆದು ಕೇಳಿ: ಗೈಡಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ನಮ್ಮನ್ನು ಮೂಲ್ ಓಯಕ್ಕೆ ಕರೆದೊಯ್ಯುತ್ತೀರಾ? ಫೋಟೋದಲ್ಲಿ ನಗುತ್ತಿರುವ ಈಕೆಗೆ ಅದಕ್ಕಾಗಿ ಏನು ಸಂದಾಯವಾಗಿದೆ? ಮೈಯಲ್ಲಿ ಕಸುವಿದ್ದರೆ ಬೆಟ್ಟದ ಏರನ್ನೂ ಒಮ್ಮೆ ಪೆಡಲು ತುಳಿದೇ ಹತ್ತಿ ನೋಡಿ.

ಅದೇ ದೇಶದಲ್ಲಿ ಗುಂಪು ಕಟ್ಟಿ ಮಾಡಿದ ಇನ್ನೊಂದು ಎರಡು ವಾರದ ಪ್ರಯಾಣವಿದೆ. ಅದನ್ನು ಯಾವ ಕಂಪೆನಿಯೂ ಮಾರಲಿಲ್ಲ. ತಮ್ಮ ಪೂರ್ವಿಕರು ಬಂದು 200 ವರ್ಷವಾಯಿತೆಂದು ಮಲೆನಾಡಿನ ತಮಿಳರು 2023ರ ಜುಲೈ ಕೊನೆಯಲ್ಲಿ ತಲೈಮನ್ನಾರಿನಿಂದ ಕಾಲ್ನಡಿಗೆಯಲ್ಲಿ ಹೊರಟರು. ಸಿಂಹಳರೂ ಮುಸಲ್ಮಾನರೂ ಜೊತೆಗೂಡಿದರು. ಅಜ್ಜಂದಿರು ನಡೆದ ಅದೇ ಹಾದಿ, ಮಿಹಿಂತಲೆ, ದಂಬುಲ್ಲ. ಸೈಕಲ್ಲಿನ ತಂಡಗಳು ಗುಹೆ ನೋಡಲು ನಿಲ್ಲುವ ಅದೇ ದಂಬುಲ್ಲ. ಆಗಸ್ಟಿನಲ್ಲಿ ಮಾತಳೆ ಸೇರಿದಾಗ ಅವರು ಕೇಳಿದ್ದು ಮನೆಗೆ ನೆಲ, ಬದುಕಲು ಸಾಕಾಗುವ ಕೂಲಿ, ಉಳಿದವರಿಗೆ ಸರಿಸಮನಾದ ಪೌರರೆಂಬ ಮಾನ್ಯತೆ.