ಅನ್ನ ಉದುರಾಗಲಿ, ಸತ್ವ ಉಳಿಯಲಿ

ಉದುರುದುರಾದ ಅನ್ನಕ್ಕೆ ಗಂಜಿ ಬಸಿಯಲೇಬೇಕೆಂಬ ನಂಬಿಕೆ ಅನೇಕ ಗೃಹಿಣಿಯರಲ್ಲಿದೆ. ಊರಿನಲ್ಲಿ ಆ ಗಂಜಿ ಮನೆಮಂದಿಯ ಹೊಟ್ಟೆಗೋ ಹಟ್ಟಿಯ ದನಕ್ಕೋ ಸೇರುತ್ತಿತ್ತು. ಮುಂಬಯಿಯ ಮೂರನೆಯ ಮಹಡಿಯಲ್ಲಿ ಅದು ಮೋರಿಯ ಪಾಲು. ನೀರಿನಲ್ಲಿ ಕರಗುವ ‘ಬಿ’ ಜೀವಸತ್ವಗಳೂ ಅದರೊಡನೆ ಹರಿದುಹೋಗುತ್ತವೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅವು ಮೊದಲೇ ಅಲ್ಪ.

ಉದುರಿನ ಗುಟ್ಟಿರುವುದು ಹಳೆಯ ಅಕ್ಕಿಯಲ್ಲಿ, ನೀರಿನ ಅಳತೆಯಲ್ಲಿ. ಅಕ್ಕಿಯನ್ನು ಹಗುರವಾಗಿ ತೊಳೆದು, 1 ಅಳತೆಗೆ 2 ಅಳತೆ ನೀರೆರೆದು ಅರ್ಧ ಗಂಟೆ ನೆನೆಸಿ, ಅದೇ ನೀರಿನಲ್ಲಿ ಬೇಯಿಸಬೇಕು. ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಬೇಕು. ನೀರು ಇಂಗಿದ ಮೇಲೆ ಕೆಳಗಿಳಿಸಿ, 10 ನಿಮಿಷ ಸೌಟಾಡಿಸದೆ ಬಿಡಬೇಕು. ಹೊಸ ಅಕ್ಕಿಗೆ ನೀರು ತುಸು ಕಡಿಮೆ ಸಾಕು.

ಬಸಿಯಲೇಬೇಕೆನ್ನುವವರು ಗಂಜಿಯನ್ನು ಸಾರಿಗೆ ಬೆರೆಸಲಿ. ದುಡ್ಡು ಕೊಟ್ಟು ತಂದ ಸತ್ವವನ್ನು ಮೋರಿಗೆ ಚೆಲ್ಲಿ, ಜೀವಸತ್ವದ ಗುಳಿಗೆಗೆ ಮತ್ತೆ ದುಡ್ಡು ತೆರುವುದು ಜಾಣತನವಲ್ಲ.